ಥ್ಯಾಂಕ್ಸ್‌ಗಿವಿಂಗಿಗೆ ಗುಡ್ಡದ ಮನಿ

ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ನಮ್ಮದು, ಮೈದುನಂದು ಎರಡೂ ಸಂಸಾರ ಕೂಡಿ ವರ್ಜೀನಿಯಾದ ಶೆನಂಡೋವಾ ಗುಡ್ಡದ ಕಡೆ, ಲೂರೇ ಊರಿನ ಹೊರಗ, ಮೂರು ದಿನ ಒಂದು ಕಟ್ಟಿಗಿ ಮನಿ ಬಾಡಿಗಿ ಹಿಡ್ಯೂದಂತ ಠರಾವಾಗೇದ. ಡಿಸೆಂಬರಿನ್ಯಾಗ ಅತ್ತಿಯವರು ಧಾರವಾಡಕ್ಕ ಹೊಂಟಾರ. "ಈ ಮೊಣಕಾಲು ಕಟಗೊಂಡು ಮತ್ತ ವಿಮಾನ ಹತ್ತೂದಿಲ್ಲವಾ" ಅಂದಬಿಟ್ಟಾರ.

ನಮ್ಮನಿಯವರಿಗೆ ಗುಡ್ಡದ ತುದಿ ಮ್ಯಾಲಿನ ಮನಿನೇ ಬೇಕು, ಕಣಿವಿ ಛಲೋ ಕಾಣ್ತದಂತ. ಫೋಟೋದಾಗ ಪಾವಟಿಗಿ ಎಣಿಸಿದೆ, 14! ಬ್ಯಾಡ ಅಂದೆ. ಮಲಗೂ ಖೋಲಿ, ಬಚ್ಚಲಾ ಎಲ್ಲಾ ಕೆಳಗನ ಇರೂ ಮನಿ ಹುಡುಕೇನಿ. ಗುಡ್ಡಾ ನೋಡ್ಲಿಕ್ಕೆ ಸ್ಕೈಲೈನ್ ಡ್ರೈವ್ ಅದನಲ್ಲ, ನೆತ್ತಿಗುಂಟ ಹೋಗೂ 105 ಮೈಲಿ ರಸ್ತೆ. ಅಲ್ಲಲ್ಲೆ ಗಾಡಿ ನಿಲ್ಲಿಸಿ ಕೂತಲ್ಲಿಂದನ ನೋಡಬಹುದು. ಎಲಿ ಉದುರಿರ್ತಾವ ಖರೆ, ಆದ್ರ ಬೋಳು ಗಿಡದ ನಡುವ ಕಣಿವಿ ಇನ್ನೂ ದೂರ ಕಾಣ್ತದ. ಐದಕ್ಕ ಕತ್ತಲಿ. ಹಿಮ ಬಿದ್ರ ರಸ್ತೆನ ಬಂದ್, ಅದಕ್ಕ ಮೊದಲನೇ ದಿನಾನ ಹೋಗಿಬಿಡೂದು.

ಗುರುವಾರ ಅಂಗಡಿ ಬಹಳಷ್ಟು ಮುಚ್ಚಿರ್ತಾವ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮನಿಯಿಂದನ. ಕುಕ್ಕರ್ ಮರೀಬಾರದು. ಅದಿಲ್ಲದ ತೊಗರಿಬ್ಯಾಳಿ ಬೇಯೂತನಾ ನಾನೂ ನೆಗೆಣ್ಣಿನೂ ಒಲಿ ಮುಂದನ ನಿಂದರಬೇಕು, ಸೂಟಿ ಗಂಡಸರಿಗಷ್ಟ ಆಗ್ತದ. ಮುಂಜಾನಿ ಚಾ, ಭಾಂಡೆ ಅವರದಂತ ಬರದ ಕಳಿಸೇನಿ. ಮೈದುನ ಹೂಂ ಅಂದಾನ, ನೋಡೂಣು.

ಅತ್ತಿಯವರಿಗೆ ಮಾತ್ರ ಕುಂದ್ರು ಅಂದ್ರ ಸಿಟ್ಟು. "ಹೋಳಿಗಿ ಯಾರು ಮಾಡ್ತೀರಿ?" ಅಂತ ಕೇಳಿದ್ರು. ಹಂಗಾಗಿ ಕಡ್ಲಿಬ್ಯಾಳಿ, ಬೆಲ್ಲ ಡಬ್ಬಿಗೆ ಹೋಗ್ಯಾವ. ಅಡಿಗಿಮನ್ಯಾಗ ಅವರಿಗೊಂದು ಕುರ್ಚಿ. ಹೂರಣ ಎಷ್ಟು ಗಟ್ಟಿ ಇರಬೇಕಂತ ಈ ಸಲ ಬರಕೋತೇನಿ.