ಪೈಪು ಹಿಡಿದ ಕೈ

ಬಿ.ಎ. ಎರಡನೇ ವರ್ಷದ ರಜೆಯಲ್ಲಿ ನಾವು ಕೇರಿಯ ಮೂರು ಹುಡುಗರು ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿಗೆ ಕೆಲಸಕ್ಕೆ ಸೇರಿದೆವು. ನಮ್ಮ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ನಾವೇ ಮೊದಲು. ಫೀಸು ಕಟ್ಟಬೇಕಿತ್ತು. ಸೇರಿದ ದಿನವೇ ಮ್ಯಾನೇಜರು ಪಾಠ ಹೇಳಿದರು: 'ಮೊದಲು ನಮಸ್ಕಾರ ಅನ್ನಬೇಕು. ಆಮೇಲೆ ಝೀರೋ ನೋಡಿ ಸಾರ್ ಅನ್ನಬೇಕು. ಗಿರಾಕಿ ಬೈದರೂ ನಗಬೇಕು.'

ಕಾರಿನವರು ಇಳೀತಿರಲಿಲ್ಲ. ಗಾಜು ಒಂದು ಗೇಣು ಇಳಿಸಿ 'ಲೇ, ಸಾವಿರದ್ದು ಹಾಕೋ' ಅನ್ನೋರು. ಮುಚ್ಚಳ ನಾವೇ ತೆಗೀಬೇಕು, ಗಾಜು ನಾವೇ ಒರೆಸಬೇಕು, ಚಿಲ್ಲರೆ ನಾವೇ ಹೊಂದಿಸಬೇಕು. ರಾತ್ರಿ ಲೆಕ್ಕ ಕಮ್ಮಿ ಬಂದರೆ ನಮ್ಮ ಸಂಬಳದಲ್ಲೇ ಮುರಿದುಕೊಳ್ಳೋರು. ಎಷ್ಟು ಸೋಪು ಹಚ್ಚಿ ಉಜ್ಜಿದರೂ ಮುದ್ದೆ ಮುರಿಯುವಾಗ ಬೆರಳಲ್ಲಿ ಪೆಟ್ರೋಲ್ ವಾಸನೆ.

ಒಂದು ದಿನ ಒಬ್ಬಾತ ಅಳತೆಯಲ್ಲಿ ಮೋಸ ಅಂತ ಕೂಗಾಡಿದ. ಸರ್ಕಾರದ ಮುದ್ರೆಯಿರುವ ಐದು ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು. ಕೇಳುವ ಹಕ್ಕು ಯಾವ ಗಿರಾಕಿಗೂ ಉಂಟು. ಅವನ ಕಣ್ಣೆದುರೇ ಅಳೆದು ತೋರಿಸಿದೆವು. ಸರಿಯಾಗಿತ್ತು. ತಪ್ಪಾಯ್ತು ಅನ್ನಲಿಲ್ಲ ಆತ. 'ಯಾವೂರೋ ನಿಮ್ದು? ಯಾರ ಪೈಕಿ?' ಅಂದ. ಹೇಳಿದೆವು. ಚಾಚಿದ ನಮ್ಮ ಕೈ ಬಿಟ್ಟು ದುಡ್ಡನ್ನು ಮಿಷನ್ನಿನ ತಲೆಯ ಮೇಲಿಟ್ಟು ಹೋದ.

ಆಗಲೇ ನಾವು ದೂರದ ದೇಶಗಳ ಬಂಕಿನ ಬಗ್ಗೆ ಹುಡುಕಿ ಓದಿದ್ದು. ಅಮೆರಿಕದ ಬಹುಪಾಲು ಕಡೆ ಗಾಡಿಯವನೇ ಇಳಿದು, ದುಡ್ಡು ಕಟ್ಟಿ, ತಾನೇ ಪೈಪು ಹಿಡಿದು ಎಣ್ಣೆ ಹಾಕಿಕೊಳ್ಳುತ್ತಾನೆ. ಎಷ್ಟು ದೊಡ್ಡ ಕಾರಿನವನಾದರೂ ಅಷ್ಟೆ. ಆದರೆ ಅಲ್ಲಿಯೇ ನ್ಯೂಜೆರ್ಸಿ ರಾಜ್ಯದಲ್ಲಿ 1949ರ ಕಾನೂನಿನ ಪ್ರಕಾರ ಗಿರಾಕಿ ಪೈಪು ಮುಟ್ಟುವ ಹಾಗಿಲ್ಲ, ಕೆಲಸದವರೇ ಹಾಕಬೇಕು. ಒರೆಗಾನ್ ರಾಜ್ಯ 1951ರಲ್ಲಿ ಇಂಥದ್ದೇ ಕಟ್ಟಳೆ ಮಾಡಿ 2023ರಲ್ಲಿ ಕೈಬಿಟ್ಟಿತು. ಜಪಾನು 1998ರವರೆಗೆ ಸ್ವಂತವಾಗಿ ಹಾಕಿಕೊಳ್ಳಲು ಬಿಟ್ಟಿರಲಿಲ್ಲ. ನ್ಯೂಜೆರ್ಸಿಯವರು ಬೆಂಕಿಯ ಭಯ ಹೇಳಿದ್ದರು, ಮುದುಕರು ಅಂಗವಿಕಲರ ಕಷ್ಟವನ್ನೂ ಹೇಳಿದ್ದರು.

ಇದನ್ನೆಲ್ಲ ಹೇಳಿ, 'ಇಲ್ಲೂ ಅವರವರೇ ಹಾಕ್ಕೊಳ್ಳೋ ಹಂಗಾದ್ರೆ ನಮಗೆ ಬಿಡುಗಡೆ ಕಣಜ್ಜಿ' ಅಂದೆವು. ಅಜ್ಜಿ ಎಲೆ ಅಡಿಕೆ ಅಗಿಯುತ್ತಾ ಅಂದಳು: 'ನಮ್ಮ ಕಾಲ್ದಾಗೆ ಬಾವಿ ಹಗ್ಗ ಮುಟ್ಟಂಗಿರ್ಲಿಲ್ಲ. ಕೊಡ ಇಟ್ಕೊಂಡು ದೂರ ಕೂತ್ಕಬೇಕು. ಯಾರಾದ್ರೂ ಮನಸ್ಸು ಬಂದು ಹುಯ್ದ್ರೆ ಉಂಟು. ಟೀ ಅಂಗ್ಡೀಲಿ ಮಾತ್ರ ನಮ್ ಲೋಟ ನಾವೇ ತೊಳ್ದು ನಾವೇ ಗೂಟಕ್ಕೆ ಸಿಗಾಕಬೇಕು. ಇದ್ಯಾವ ಸರ್ವೀಸು, ಹೇಳ್ರಪ್ಪ?'

ಗೆಳೆಯರೆ, ಅಜ್ಜಿ ಶಾಲೆಗೆ ಹೋದವಳಲ್ಲ. ಆದರೆ ನಾವು ಕಾಣದ್ದನ್ನು ಅವಳು ಕಂಡಿದ್ದಳು. ಬಾವಿಯ ಹತ್ತಿರ ಇನ್ನೊಬ್ಬರು ಹುಯ್ದರು, ಅದು ಉಪಚಾರವಲ್ಲ. ಟೀ ಅಂಗಡಿಯಲ್ಲಿ ನಾವೇ ಮಾಡಿಕೊಂಡೆವು, ಅದು ಸ್ವಾತಂತ್ರ್ಯವಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ತಮ್ಮ ಕೈಯಾರೆ ನೀರು ಮೊಗೆದು ಕುಡಿದರಲ್ಲ, ಅದು ಸ್ವಾತಂತ್ರ್ಯ. ಹಾಕುವವರು ಯಾರು ಅನ್ನುವುದಕ್ಕಿಂತ, ಯಾರು ಹಾಕಬೇಕೆಂದು ಗೊತ್ತುಮಾಡುವವರು ಯಾರು ಅನ್ನುವುದನ್ನು ನಾವು ಕೇಳಬೇಕು.

ನಾಳೆ ನಮ್ಮ ಬಂಕುಗಳಲ್ಲೂ ಗಿರಾಕಿಯೇ ಪೈಪು ಹಿಡಿದರೆ 'ಲೇ' ಅನ್ನುವ ಮಾತು ನಿಂತೀತು. ಜೊತೆಗೆ ಮೂರು ಮನೆಯ ಅಕ್ಕಿಯೂ ನಿಂತೀತು. ಮಾಲೀಕನಿಗೆ ಸಂಬಳ ಉಳಿಯುತ್ತದೆ, ನಮಗೇನು ಉಳಿಯುತ್ತದೆ? ದರ್ಶಿನಿ ಹೋಟೆಲಿನಲ್ಲಿ ಗಿರಾಕಿ ತನ್ನ ತಟ್ಟೆ ತಾನೇ ಎತ್ತಿಕೊಂಡು ಬಂದು ತಿನ್ನುತ್ತಾನೆ. ಮೇಜು ಒರೆಸುವವಳು, ತಟ್ಟೆ ತೊಳೆಯುವವಳು ಅಲ್ಲೇ ಇದ್ದಾಳೆ, ಅವನ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಅಮೆರಿಕದ 1990ರ ಅಂಗವಿಕಲರ ಕಾನೂನು, ಇಳಿಯಲಾಗದವರಿಗೆ ಹೆಚ್ಚು ದುಡ್ಡು ಕೇಳದೆ ಎಣ್ಣೆ ಹಾಕಿಕೊಡಿ ಅನ್ನುತ್ತದೆ. ಒಬ್ಬನೇ ಕೆಲಸದವನಿರುವ ಬಂಕಿಗೆ ಮಾತ್ರ ವಿನಾಯಿತಿ. ಸೇವೆ ಅಂದರೆ ಅದು ಎಂದು ನಮಗೆ ಅನ್ನಿಸಿತು. ಕೈಕಾಲು ಗಟ್ಟಿಯಿದ್ದವನು ಕಾರಿನಲ್ಲಿ ಕೂತು 'ಲೇ' ಅನ್ನುವುದಕ್ಕೆ ಆ ಹೆಸರು ಯಾಕೆ? ಕೆಲಸ ಇರಲಿ, ಸರಿಯಾದ ಕೂಲಿ ಇರಲಿ. 'ಲೇ' ಹೋಗಲಿ.

ಮೊನ್ನೆ ಅದೇ ಬಂಕಿಗೆ ಬೈಕಿನಲ್ಲಿ ಹೋದೆವು. ನಮ್ಮ ಜಾಗದಲ್ಲಿ ನಮ್ಮ ಕೇರಿಯದೇ ಇನ್ನೊಬ್ಬ ಹುಡುಗ. 'ಝೀರೋ ನೋಡಿ ಸಾರ್' ಅಂದು, ಗುರುತು ಹಿಡಿದು ನಾಚಿಕೊಂಡ. ಮುಚ್ಚಳ ನಾವೇ ತೆಗೆದೆವು. ನೂರರ ನೋಟನ್ನು ಅವನ ಕೈಯಲ್ಲೇ ಇಡಬೇಕೆಂದು ಮೊದಲೇ ಮಡಚಿ ಇಟ್ಟುಕೊಂಡಿದ್ದೆವು.

'ಅಣ್ಣ, ಸ್ಕ್ಯಾನ್ ಮಾಡಿ' ಅಂದ, 'ಎಲ್ರೂ ಅದನ್ನೇ ಮಾಡ್ತಾರೆ. ಈಗ ಯಾರೂ ಕೈಗೆ ಕೊಡೋದಿಲ್ಲ.'

ನಾವು ಕೈಗೇ ಕೊಟ್ಟೆವು.