ಬಿಟ್ಟ ನಾಯಿಯ ಬೇಸಿಗೆ

ಮರಾಠಿಯಲ್ಲಿ ‘ಮೋಕಳಾ’ ಎಂದರೆ ಬಯಲಾದದ್ದು, ಅಡ್ಡಿ ಇಲ್ಲದ್ದು. ಅದರ ನೆಂಟನಂತೆ ಕಾಣುವ ಇನ್ನೊಂದು ಪದ ‘ಮೋಕಾಟ್’. ಮೈದಾನ ಮೋಕಳಾ ಆಗಿದ್ದರೆ ಪುಣೆಯವರಿಗೆ ಖುಷಿ, ನಾಯಿ ಮೋಕಾಟ್ ಆಗಿದ್ದರೆ ಅದು ಪತ್ರಿಕೆಯ ಸುದ್ದಿ. ಕನ್ನಡದಲ್ಲಿ ಈ ಜಾಗದಲ್ಲಿ ‘ಬಿಡು’ ಎಂಬ ಧಾತು ನಿಂತಿದೆ. ಕಟ್ಟಿದ ನಾಯಿ, ಬಿಟ್ಟ ನಾಯಿ. ‘ಬೀದಿನಾಯಿ’ ಎಂದರೆ ಅದು ಬೀದಿಗೆ ಸೇರಿದ್ದು ಅಷ್ಟೇ. ‘ಬಿಟ್ಟ ನಾಯಿ’ ಎಂದ ಕೂಡಲೇ, ಬಿಟ್ಟವರು ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಇಂಗ್ಲಿಷಿನವರು ‘ಆಫ್ ಲೀಶ್’ ಎಂದಾಗ ಹಗ್ಗ ಮಾತ್ರ ಕಾಣುತ್ತದೆ. ಕನ್ನಡದಲ್ಲಿ ಹಗ್ಗ ಬಿಚ್ಚಿದ ಕೈಯೂ ಕಾಣುತ್ತದೆ.

ಆ ಕೈಯ ಕತೆ ಪುಣೆಯ ಬೇಸಿಗೆಯಲ್ಲಿ ಚೆನ್ನಾಗಿ ತಿಳಿಯುತ್ತದೆ.

ಈ ಊರಲ್ಲಿ ನಾಯಿ ಬಿಚ್ಚಿ ಓಡಿಸಬೇಕೆನ್ನುವವರು ಮೊದಲು ನೋಡುವುದು ಟೇಕಡಿಗಳ ಕಡೆಗೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ತಳಜಾಯಿ: ಊರಿನ ನಡುವೆಯೇ ಎದ್ದಿರುವ ಗುಡ್ಡಗಳು. ಬೆಳಗಿನ ಐದೂವರೆಗೇ ಅಲ್ಲಿ ಜನ. ಬಾಟಲಿಯಲ್ಲಿ ನೀರು ಹೊತ್ತು ತಂದು ಯಾರೋ ನೆಟ್ಟ ಸಸಿಗೆ ಹೊಯ್ಯುವ ನಿವೃತ್ತರು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡುವವರು, ನವಿಲಿನ ಫೋಟೋಕ್ಕೆ ಕಾದು ಕೂತವರು. ನವಿಲು ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿ. ಬಿಚ್ಚಿದ ನಾಯಿಗೆ ಪೊದೆಯೊಳಗಿನ ಸದ್ದೇ ಆಟದ ಕರೆ. ಹಾಗಾಗಿ ಟೇಕಡಿಯ ಮೇಲೆ ಪ್ರತಿ ವರ್ಷ ಅದೇ ಜಗಳ, ಮತ್ತು ಆ ಜಗಳದಲ್ಲಿ ನಾಯಿಯವರ ಪಕ್ಷ ಗಟ್ಟಿಯಲ್ಲ. ಇನ್ನೊಂದು ತೊಂದರೆಯೂ ಇದೆ. ಗುಡ್ಡದ ತುಂಬ ನೆಟ್ಟಿರುವುದು ಗ್ಲಿರಿಸಿಡಿಯಾ, ನಮ್ಮ ಹಳ್ಳಿಗಳ ಗೊಬ್ಬರದ ಗಿಡ. ಬೇಸಿಗೆ ಹತ್ತಿರವಾಗುವ ಹೊತ್ತಿಗೇ ಅದು ಎಲೆ ಉದುರಿಸಿ ಗುಲಾಬಿ ಹೂ ಬಿಡುತ್ತದೆ. ನೋಡಲು ಚಂದ, ಆದರೆ ಕೆಳಗೆ ನೆರಳಿಲ್ಲ. ಅದರ ಲ್ಯಾಟಿನ್ ಹೆಸರಿನ ಅರ್ಥ ಇಲಿ ಕೊಲ್ಲುವಂಥದ್ದು ಎಂದು. ನಾಯಿ ಅದರ ತೊಗಟೆ ಜಗಿಯದಂತೆ ನೋಡಿಕೊಳ್ಳುವುದೂ ಒಳ್ಳೆಯದು.

ಹಾಗಾದರೆ ಬೇಲಿ ಹಾಕಿದ ಬೇರೆ ಜಾಗ ಬೇಕು. ಇದು ಹಳೆಯ ಯೋಚನೆಯೇ. ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲಿ ತೆರೆದ ಓಹ್ಲೋನಿ ಡಾಗ್ ಪಾರ್ಕನ್ನು ಇಂಥವುಗಳಲ್ಲಿ ಮೊದಲನೆಯದು ಎನ್ನುತ್ತಾರೆ. ಪ್ರಯೋಗವೆಂದು ಶುರುವಾಗಿ, ಅಕ್ಕಪಕ್ಕದವರ ದುಡಿಮೆಯಿಂದ ಉಳಿಯಿತು. ಹೈದರಾಬಾದಿನ ಕೊಂಡಾಪುರದಲ್ಲಿ 2018ರಲ್ಲಿ ಪಾಲಿಕೆಯೇ ಒಂದನ್ನು ಕಟ್ಟಿತು. ಬೆಂಗಳೂರಿನ ಕಬ್ಬನ್ ಪಾರ್ಕಿನೊಳಗೆ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವಿದೆ. ಅದರ ಬೆನ್ನಿಗೆ ನಿಂತವರು ಸ್ವಯಂಸೇವಕರು. 2022ರಲ್ಲಿ ತೋಟಗಾರಿಕೆ ಇಲಾಖೆ ಇಡೀ ಕಬ್ಬನ್ ಪಾರ್ಕಿಗೇ ನಾಯಿ ತರಬಾರದು ಎಂದು ಹೊರಟಾಗ ದೂರುಗಳು ಇದ್ದದ್ದು ಬೇಲಿಯೊಳಗಿನ ನಾಯಿಗಳ ಬಗ್ಗೆ ಅಷ್ಟಾಗಿ ಅಲ್ಲ. ಬೇಲಿಯಾಚೆ ಹಗ್ಗ ಬಿಚ್ಚುವವರ, ಹೊಲಸು ಎತ್ತದೆ ಹೋಗುವವರ ಬಗ್ಗೆ. ವಿರೋಧ ಎದ್ದು ನಿಷೇಧ ನಿಂತಿತು. ಆದರೆ ಹತ್ತು ಜನರ ಸೋಮಾರಿತನಕ್ಕೆ ಸಾವಿರ ಜನ ಉತ್ತರ ಹೇಳಬೇಕಾದೀತು ಎಂಬುದು ಆ ತಿಂಗಳು ಎಲ್ಲರಿಗೂ ಅರ್ಥವಾಯಿತು.

ಪುಣೆಯ ಪಶ್ಚಿಮ ಅಂಚಿನ ಒಂದು ಬಡಾವಣೆಯಲ್ಲಿ ಅರ್ಧ ಎಕರೆಗಿಂತ ಕಡಿಮೆ ಇರುವ ಒಂದು ಜಾಗ ಇದೆ. ಬಿಲ್ಡರ್ ಪಾಲಿಕೆಗೆ ಬಿಟ್ಟುಕೊಡಬೇಕಾದ ‘ಅಮೆನಿಟಿ ಸ್ಪೇಸ್’. ಸುತ್ತ ಜಾಲರಿ, ಎರಡು ಬಾಗಿಲು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುವ ಹಾಗಿಲ್ಲ. ಎರಡು ಬೇವು, ಒಂದು ಹೊಂಗೆ. ಬೆಳಗ್ಗೆ ಬೀಗ ತೆಗೆಯುವವರು ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದ ಹಿರಿಯರು. ನಲವತ್ತು ವರ್ಷದಿಂದ ಪುಣೆಯಲ್ಲಿ, ಎಲ್ಲರಿಗೂ ‘ಕಾಕಾ’. ಅವರ ಸ್ವಂತ ನಾಯಿ ಬೀದಿಯಿಂದ ಬಂದ ಮುದುಕಿ. ಅದು ಆಡುವುದಿಲ್ಲ, ಬೆಂಚಿನ ಕೆಳಗೆ ಮಲಗಿ ಎಲ್ಲರನ್ನೂ ನೋಡುತ್ತದೆ. ಕಾಕಾ ಅವರದೂ ಹೆಚ್ಚು ಕಡಿಮೆ ಅದೇ ಕೆಲಸ.

ನೋಡುವುದು ಸಣ್ಣ ಕೆಲಸವಲ್ಲ. ಹೊಸ ನಾಯಿ ಬಂದರೆ ರೇಬೀಸ್ ಲಸಿಕೆಯ ಕಾರ್ಡು, ಪಾಲಿಕೆಯ ಪರವಾನಗಿ. ಬೆದೆಗೆ ಬಂದ ಹೆಣ್ಣುನಾಯಿಗೆ ಆ ಮೂರು ವಾರ ರಜೆ. ತಿಂಡಿ ತರಬಾರದು, ಏಕೆಂದರೆ ಜಗಳಗಳು ಹೆಚ್ಚಾಗಿ ತಿಂಡಿಯಿಂದಲೇ. ಬೇಸಿಗೆಯಲ್ಲಿ ಉಣ್ಣೆ ಬೇಗ ಬೇಗ ಮರಿಯಿಡುತ್ತದೆ, ಗೋಡೆಯ ಬಿರುಕಿನಲ್ಲಿ ಅಡಗುತ್ತದೆ. ಹಾಗಾಗಿ ಕಿವಿಯ ಹಿಂದೆ, ಬೆರಳ ಸಂದಿನಲ್ಲಿ ಕೈಯಾಡಿಸಿ ನೋಡಿದ ಮೇಲೆಯೇ ಒಳಗೆ. ನೀರಿನ ತೊಟ್ಟಿ ದಿನಾ ಬರಿದು ಮಾಡಿ ತಿಕ್ಕಬೇಕು, ಇಲ್ಲವಾದರೆ ವಾರದೊಳಗೆ ಡೆಂಗಿ ಸೊಳ್ಳೆಯ ಮರಿ. ತಿಕ್ಕುವ ಸರದಿ ಬಾಗಿಲ ಮೇಲೆ ಮರಾಠಿಯಲ್ಲಿ ಬರೆದು ಹಾಕಿದೆ. ಸರದಿ ತಪ್ಪಿಸುವವರು ಯಾರೆಂದು ಎಲ್ಲರಿಗೂ ಗೊತ್ತು, ಬರೆದಿಲ್ಲ ಅಷ್ಟೇ.

ಇದೆಲ್ಲ ಡಿಸೆಂಬರಿನಲ್ಲಿ ಸಲೀಸು. ಹೋಳಿ ದಾಟಿದ ಮೇಲೆ ಕಷ್ಟ ಶುರು.

ಪುಣೆಯವರಿಗೆ ತಮ್ಮ ಹವೆಯ ಬಗ್ಗೆ ಹೆಮ್ಮೆ ಜಾಸ್ತಿ. ಹವಾಮಾನ ಇಲಾಖೆ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು. ಶಿವಾಜಿನಗರದ ಆ ಚೌಕಕ್ಕೆ ಇವತ್ತಿಗೂ ‘ಶಿಮ್ಲಾ ಆಫೀಸ್’ ಎಂದೇ ಹೆಸರು. ಹೆಸರಲ್ಲಿ ಮಾತ್ರ ಶಿಮ್ಲಾ. 2019ರ ಏಪ್ರಿಲ್ ಕೊನೆಯಲ್ಲಿ ಅದೇ ಶಿವಾಜಿನಗರದಲ್ಲಿ ಪಾದರಸ 43 ಡಿಗ್ರಿ ಮುಟ್ಟಿತು. ಸಾಧಾರಣ ಏಪ್ರಿಲ್ಲಿನಲ್ಲೂ ಮಧ್ಯಾಹ್ನ 38ರ ಆಸುಪಾಸು ಇರುತ್ತದೆ, ಬೆಂಗಳೂರಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚು. ಬೆಂಗಳೂರಿನ ವೇಳಾಪಟ್ಟಿಯನ್ನು ಇಲ್ಲಿ ನಕಲು ಮಾಡಲು ಬರುವುದಿಲ್ಲ.

ಮನುಷ್ಯ ಮೈಯೆಲ್ಲ ಬೆವರಿ ತಣಿಯುತ್ತಾನೆ. ನಾಯಿಗೆ ಬೆವರುವುದಕ್ಕೆ ಇರುವುದು ಅಂಗಾಲಿನಷ್ಟು ಜಾಗ. ಉಳಿದದ್ದೆಲ್ಲ ತೇಕುವುದರಿಂದಲೇ ಆಗಬೇಕು: ನಾಲಿಗೆ, ಬಾಯಿ, ಮೂಗಿನೊಳಗಿನ ತೇವ ಆರುತ್ತ ಒಳಗಿನ ಬಿಸಿ ಹೊರಹೋಗಬೇಕು. ಗಾಳಿ ಒಣಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಹಾಗಾಗಿ ಪುಣೆಯ ಏಪ್ರಿಲ್ ಬಿಸಿಯಾದರೂ ನಾಯಿಗೆ ತಡೆದುಕೊಳ್ಳಲು ಸ್ವಲ್ಪ ಅವಕಾಶವಿದೆ. ಮೇ ಕೊನೆಗೆ ಸಮುದ್ರದ ಕಡೆಯಿಂದ ತೇವದ ಗಾಳಿ ಬರತೊಡಗುತ್ತದೆ. ಉಷ್ಣಾಂಶ 34ಕ್ಕೆ ಇಳಿಯಿತು, ಮಳೆ ಹತ್ತಿರ ಬಂತು ಎಂದು ಜನ ನಿಟ್ಟುಸಿರು ಬಿಡುವ ದಿನಗಳೇ ನಾಯಿಗೆ ಅಪಾಯದ ದಿನಗಳು. ತೇಕಿದಷ್ಟೂ ತಣಿಯುವುದಿಲ್ಲ. ಥರ್ಮಾಮೀಟರ್ ನೋಡಿ ಬಾಗಿಲು ತೆರೆಯುವವರು ತಪ್ಪುವುದು ಇಲ್ಲಿಯೇ.

ಇನ್ನು ನೆಲ. ಗಾಳಿ 35 ಡಿಗ್ರಿ ಇದ್ದಾಗ ಬಿಸಿಲಿನ ಡಾಂಬರು 55 ದಾಟುವುದು ಮಾಮೂಲು. ಅಂಗೈ ಹಿಂಭಾಗವನ್ನು ನೆಲದ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವನ್ನೂ ಇಡಿಸಬಾರದು. ದೊಡ್ಡ ಸೊಸೈಟಿಗಳು ಈಚೆಗೆ ಪಾರ್ಕಿಂಗಿನ ಮೇಲಿನ ಸ್ಲ್ಯಾಬಿನಲ್ಲಿ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ ‘ಪೆಟ್ ಝೋನ್’ ಮಾಡುತ್ತವೆ. ಆ ಹುಲ್ಲು ನಿಜವಾದ ಹುಲ್ಲಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಜಾಹೀರಾತಿನ ಚಿತ್ರಕ್ಕೆ ಮಾಡಿದ ಜಾಗ ಅದು. ಈ ಬಡಾವಣೆಯ ವಾಚ್‌ಮನ್ ಇಂಡಿ ತಾಲೂಕಿನವನು, ಕಾಕಾ ಹತ್ತಿರ ಮಾತ್ರ ಕನ್ನಡದಲ್ಲಿ ಮಾತಾಡುತ್ತಾನೆ. ಅವನು ಹೇಳುವುದು ಇಷ್ಟೇ: “ನಾಯಿಗೆ ಕಾಲ್ ಸುಡತಾವ್ರಿ ಸರ. ಚಪ್ಪಲಿ ಹಾಕ್ಕೊಂಡವರಿಗೆ ಹೆಂಗ ಗೊತ್ತಾಗಬೇಕ್ರಿ.”

ಒಂದು ಏಪ್ರಿಲ್ಲಿನ ಶನಿವಾರ ಸಂಜೆ ಐದೂವರೆಗೆ ಅಲ್ಲಿ ಪಗ್ ಒಂದು ಚೆಂಡಿನ ಹಿಂದೆ ಓಡುತ್ತಿತ್ತು. ಮೊಬೈಲ್ ಕಂಪನಿಯ ಜಾಹೀರಾತಿನಿಂದ ಮನೆಮನೆಗೆ ಬಂದ ಜಾತಿ. ಮೂಗೇ ಇಲ್ಲದಷ್ಟು ಚಪ್ಪಟೆ ಮುಖ. ತೇಕಿ ತಣಿಯಬೇಕಾದ ಪ್ರಾಣಿಗೆ ಗಾಳಿಯ ದಾರಿಯೇ ಇಕ್ಕಟ್ಟು. ಮೊದಲು ಅದರ ಉಸಿರಿನ ಸದ್ದು ಬದಲಾಯಿತು, ಗರಗಸ ಎಳೆದಂತೆ. ನಾಲಿಗೆ ಕಡುಗೆಂಪು, ಜೊಲ್ಲು ಅಂಟಂಟು. ಮತ್ತೆ ಹಿಂಗಾಲು ತೂರಾಡಿ ಕುಸಿಯಿತು. ಯಜಮಾನ ಎತ್ತಿಕೊಂಡು ಕಾರಿನ ಕಡೆ ಓಡಿದ. ಕಾಕಾ ಬಾಗಿಲಲ್ಲಿ ಅಡ್ಡ ನಿಂತರು. “ಆಧೀ ಪಾಣಿ,” ಅಂದರು, ಮೊದಲು ನೀರು. ಬಿಸಿಲಲ್ಲಿ ನಿಂತ ಕಾರು ಒಲೆಯಿದ್ದಂತೆ, ಆಸ್ಪತ್ರೆ ಇಪ್ಪತ್ತು ನಿಮಿಷದ ದಾರಿ. ಹೊಂಗೆಯ ನೆರಳಲ್ಲಿ ಮಲಗಿಸಿ ಹೊಟ್ಟೆ, ತೊಡೆಸಂದು, ಕುತ್ತಿಗೆಗೆ ತೊಟ್ಟಿಯ ನೀರು ಸುರಿದರು, ಒಬ್ಬಳು ರಟ್ಟಿನಿಂದ ಗಾಳಿ ಬೀಸಿದಳು. ಒದ್ದೆ ಟವೆಲ್ ಹೊದಿಸಲು ಬಂದವರನ್ನು ತಡೆದರು. ಹೊದಿಸಿಟ್ಟರೆ ಬಿಸಿ ಒಳಗೇ ಕೂರುತ್ತದೆ. ಬಾಯಿಗೆ ನೀರು ಹಾಕಲಿಲ್ಲ. ಅಷ್ಟರಲ್ಲಿ ಇನ್ನೊಬ್ಬರು ಕಾರಿನ ಎಸಿ ಹಾಕಿ ತಣ್ಣಗೆ ಮಾಡಿದ್ದರು. ಹತ್ತು ನಿಮಿಷದ ನಂತರ ಹೊರಟರು. ಹೋಗುವಾಗಲೇ ಅದು ತಲೆಯೆತ್ತಿತ್ತು, ಆದರೂ ಹೋದರು. ಅದು ಸರಿಯಾದದ್ದೇ: ಎದ್ದು ನಿಂತ ನಾಯಿಗೂ ಒಂದೆರಡು ದಿನದಲ್ಲಿ ಮೂತ್ರಪಿಂಡ ಕೈಕೊಡಬಹುದು, ರಕ್ತ ಹೆಪ್ಪುಗಟ್ಟದೆ ಹೋಗಬಹುದು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಇದ್ದು ಅದು ಬದುಕಿತು.

ನಿಜವಾದ ಗಲಾಟೆ ಎದ್ದದ್ದು ಮರುದಿನ. ಮಾರ್ಚ್ ಮಧ್ಯದಿಂದ ಮಳೆ ಹಿಡಿಯುವ ತನಕ ಬೆಳಗ್ಗೆ ಎಂಟಕ್ಕೆ ಮುಚ್ಚಿ ರಾತ್ರಿ ಏಳೂವರೆಗೆ ತೆರೆಯೋಣ ಎಂದರು ಕಾಕಾ. ಚಪ್ಪಟೆ ಮೂಗಿನವು, ಮುದಿಯವು, ಬೊಜ್ಜು ಬಂದವು ಬೆಳಗ್ಗೆ ಏಳರೊಳಗೆ ಬಂದು ಹೋಗಲಿ. ಹಸ್ಕಿಯಂಥ ಎರಡು ಪದರದ ತುಪ್ಪಳದವು ಬಿಸಿಲೇರುವ ಮುಂಚೆ. ಅವುಗಳ ಕೂದಲನ್ನು ಬೋಳಿಸಿಕೊಂಡು ಬರಬೇಡಿ, ಅದು ಬಿಸಿಲಿಗೂ ಕವಚವೇ. ಆಗ ಪಗ್‌ನ ಯಜಮಾನನೇ ಎದ್ದು ನಿಂತ. ಅವನದು ಹಿಂಜವಡಿಯಲ್ಲಿ ಕೆಲಸ. ಬೆಳಗ್ಗೆ ಅಮೆರಿಕದ ಕರೆಗಳು ಮುಗಿದು ಮಲಗುವ ಹೊತ್ತು, ರಾತ್ರಿ ಮನೆ ಸೇರುವುದು ಒಂಬತ್ತಕ್ಕೆ, ಅಷ್ಟರಲ್ಲಿ ಕರೆಗಳು ಮತ್ತೆ ಶುರು. ಶನಿವಾರ ಸಂಜೆ ಬಿಟ್ಟರೆ ಅವನಿಗೆ ಹೊತ್ತಿಲ್ಲ. ಅವನು ಕೆಟ್ಟವನಲ್ಲ, ಅವನ ದಿನದಲ್ಲಿ ತಂಪು ಹೊತ್ತೇ ಇಲ್ಲ.

ಬೇಸಿಗೆ ನಗರದಲ್ಲಿ ಮಾಡುವ ಅನ್ಯಾಯ ಇದು. ನೆರಳು, ತಂಪು ಹೊತ್ತು ಕಡಿಮೆಯಾಗುತ್ತ ಹೋದಂತೆ ಅದೇ ಎರಡು ಗಂಟೆ ಎಲ್ಲರಿಗೂ ಬೇಕು: ನಡೆಯುವ ಅಜ್ಜಿಯರಿಗೆ, ಕ್ರಿಕೆಟ್ ಹುಡುಗರಿಗೆ, ನಾಯಿಗಳಿಗೆ. ಹಾಗೆಂದು ಕಾಕಾ ಮೆತ್ತಗಾಗಲಿಲ್ಲ. ಜಾಲರಿಗೆ ಚಂದಾ ಎತ್ತಬಹುದು, ತೊಟ್ಟಿ ಕೊಳ್ಳಬಹುದು. ಪಕ್ಕದ ಮನೆಯವರ ಮುಖ ನೋಡಿ ‘ಇವತ್ತು ಬೇಡ, ಮನೆಗೆ ಕರೆದುಕೊಂಡು ಹೋಗಿ’ ಎನ್ನುವವರು ಸಿಗುವುದಿಲ್ಲ. ಎರಡು ಮನೆಯವರು ಚಂದಾ ನಿಲ್ಲಿಸಿದರು. ಬೀಗ ಮಾತ್ರ ಎಂಟಕ್ಕೇ ಬಿತ್ತು.

ನಮ್ಮ ಮಣ್ಣಿನ ನಾಯಿಗೆ ಬಿಸಿಲು ತಾಗುವುದಿಲ್ಲ ಎಂಬ ಮಾತು ಇಲ್ಲಿ ಆಗಾಗ ಕೇಳುತ್ತದೆ, ಹೆಚ್ಚಾಗಿ ಮುಧೋಳದ ನಾಯಿ ಇರುವವರಿಂದ. ಮಹಾರಾಷ್ಟ್ರದಲ್ಲಿ ಅದು ‘ಕಾರವಾನಿ’. ಗಡಿ ದಾಟಿದ ಕೂಡಲೇ ಹೆಸರು ಬದಲಾಗುತ್ತದೆ, ಘೋರ್ಪಡೆ ಅರಸರು ಪೋಷಿಸಿದ ಉದ್ದ ಕಾಲಿನ ಬೇಟೆನಾಯಿ ಅದೇ. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ತಂದಿತ್ತು. ಗಿಡ್ಡ ಕೂದಲು, ತೆಳ್ಳನೆ ಮೈ, ಒಣ ಬಯಲು ಸೀಮೆಯ ತಳಿ; ಸುಮ್ಮನೆ ಕೂತಾಗ ಬಿಸಿಲನ್ನು ಪಗ್‌ಗಿಂತ ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಓಡಿದಾಗ ಬಿಸಿ ಹುಟ್ಟುವುದು ಸೂರ್ಯನಿಂದಲ್ಲ, ಸ್ನಾಯುವಿನಿಂದ. ಪಂದ್ಯದಲ್ಲಿ ಓಡಿ ನಿಂತ ಗ್ರೇಹೌಂಡಿನ ಮೈ 41 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಾಯಿಯ ಸಹಜ ಬಿಸಿ 38ರಿಂದ 39. ಮುಧೋಳದ್ದೂ ಎರಡು ಸುತ್ತು ಓಡಿದ ಮೇಲೆ ನೆರಳಿಗೆ ಬರಲೇಬೇಕು.

ನೀರಿನದು ಇನ್ನೊಂದು ಪಾಡು. ಬಡಾವಣೆಗೆ ಮೇನಲ್ಲಿ ಟ್ಯಾಂಕರೇ ಗತಿ. “ಮನುಷ್ಯರಿಗೇ ನೀರಿಲ್ಲ, ನಾಯಿ ಸ್ನಾನಕ್ಕೆ ತೊಟ್ಟಿಯಾ?” ಎಂದು ಮೂರನೇ ಮಹಡಿಯ ಬಾಲ್ಕನಿಯಿಂದ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆ. ಈಗ ಮನೆಗಳಲ್ಲಿ ಶುದ್ಧೀಕರಣ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತರುತ್ತಾರೆ. ಅದು ಮೈಗೆ ಸುರಿಯಲು, ನೆಲ ನೆನೆಸಲು. ಕುಡಿಯಲು ಪ್ರತಿಯೊಬ್ಬರೂ ತಮ್ಮ ನಾಯಿಯ ಬಟ್ಟಲು, ಬಾಟಲಿ ತರಬೇಕು. ತೊಟ್ಟಿ ತಿಕ್ಕಿದ ನೀರು ಬೇವಿನ ಬುಡಕ್ಕೆ. ಜಾಲರಿಯ ಹೊರಗೆ ಒಂದು ಮಣ್ಣಿನ ಬಾನಿ ಇದೆ, ಅದು ಬೀದಿಯ ನಾಲ್ಕು ನಾಯಿಗಳಿಗೆ. ಅವಕ್ಕೆ ಪಾಲಿಕೆಯವರು ಶಸ್ತ್ರಚಿಕಿತ್ಸೆ ಮಾಡಿ ಕಿವಿಯ ತುದಿ ಕತ್ತರಿಸಿ ಬಿಟ್ಟಿದ್ದಾರೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಬಂದ ಮೇಲೆ, ಬೀದಿಯಲ್ಲಿ ಊಟ ಹಾಕುವುದು ಎಲ್ಲಿ ಎಂಬ ಬಗ್ಗೆ ಸೊಸೈಟಿಯಲ್ಲಿ ಮೂರು ಸಭೆ ನಡೆದವು. ನೀರಿನ ಬಾನಿಯನ್ನು ಯಾರೂ ಎತ್ತಿಸಲಿಲ್ಲ.

ಈ ಜಾಗ ಎಷ್ಟು ವರ್ಷ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಇಂಥ ಅಮೆನಿಟಿ ಸ್ಪೇಸ್‌ಗಳನ್ನು ದೀರ್ಘಾವಧಿ ಗುತ್ತಿಗೆಗೆ ಕೊಡುವ ಪ್ರಸ್ತಾಪವನ್ನು ಪಾಲಿಕೆ 2021ರಲ್ಲಿ ತಂದಾಗ ಊರಲ್ಲಿ ದೊಡ್ಡ ವಿರೋಧ ಎದ್ದಿತ್ತು. ಮತ್ತೆ ಬರಬಹುದು. ಅದಕ್ಕಾಗಿಯೇ ಕಾಕಾ ಒಂದು ನೋಟ್‌ಬುಕ್ ಇಟ್ಟಿದ್ದಾರೆ: ತಾರೀಖು, ತೆರೆದ ಹೊತ್ತು, ಮುಚ್ಚಿದ ಹೊತ್ತು, ಬಂದ ನಾಯಿಗಳೆಷ್ಟು, ಲಸಿಕೆಯ ಕೊನೆ ದಿನ, ತೊಟ್ಟಿ ತಿಕ್ಕಿದವರ ಸಹಿ. ಬ್ಯಾಂಕಿನ ಅಕ್ಷರ, ಎಡಕ್ಕೆ ಗೆರೆ ಎಳೆದು. ಕೇಳಿದ ದಿನ ಪಾಲಿಕೆಯವರ ಮೇಜಿನ ಮೇಲಿಡಲು. ಪಗ್‌ನ ಯಜಮಾನ ಈಗ ಭಾನುವಾರ ಬೆಳಗ್ಗೆ ಆರೂವರೆಗೆ ನಿದ್ದೆಗಣ್ಣಲ್ಲಿ ಬರುತ್ತಾನೆ, ಹದಿನೈದು ನಿಮಿಷ ಇರುತ್ತಾನೆ. ಚೆಂಡು ತರುವುದಿಲ್ಲ. ಹೋಗುವ ಮುಂಚೆ ತೊಟ್ಟಿ ತಿಕ್ಕಿ, ನೋಟ್‌ಬುಕ್ಕಿನಲ್ಲಿ ಸಹಿ ಹಾಕುತ್ತಾನೆ.