ಸ್ಟೇಷನ್ನಿನಿಂದ ನಡೆದಷ್ಟು ದೂರ

ಖಾಲಿ ಮನೆಯ ಬೀಗ ತೆಗೆಯುವುದರಲ್ಲಿ ಒಂದು ಸುಖವಿದೆ. ಗೋರೆಗಾಂವ್, ಮಲಾಡ್‌ಗಳ ಕಟ್ಟಡಗಳಲ್ಲಿ ಇಷ್ಟು ವರ್ಷ ಬೀಗ ತೆಗೆದರೂ ಅದು ನನಗೆ ಹಳತಾಗಿಲ್ಲ. ಸೇಫ್ಟಿ ಡೋರ್ ಕಿರುಗುಟ್ಟುತ್ತದೆ. ಒಳಬಾಗಿಲು ಮಳೆಗಾಲದಲ್ಲಿ ಉಬ್ಬಿದ್ದರೆ ಭುಜ ಕೊಟ್ಟು ತಳ್ಳಬೇಕು. ಆಮೇಲೆ ವಾಸನೆ. ಮುಚ್ಚಿಟ್ಟ ಮನೆಗಳಿಗೆಲ್ಲ ಒಂದೇ ವಾಸನೆ ಎಂದು ಹೊಸಬರು ತಿಳಿದಿರುತ್ತಾರೆ, ಹಾಗಲ್ಲ. ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ ನೀರು ಒಣಗಿ ಬರುವ ಗಟಾರದ ವಾಸನೆ ಬೇರೆ. ಅದಕ್ಕೆ ಒಂದು ಮಗ್ಗು ನೀರು ಸುರಿದರೆ ಸಾಕು, ಐದು ನಿಮಿಷದಲ್ಲಿ ಮಾಯ. ಗೋಡೆ ಕುಡಿದ ನೀರಿನ ಮುಗ್ಗಲು ವಾಸನೆ ಬೇರೆ. ಅದು ಯಾವ ಅಗರಬತ್ತಿಗೂ ಬಗ್ಗುವುದಿಲ್ಲ. ಗಿರಾಕಿ ಬರುವುದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಕಿಟಕಿಗಳನ್ನೆಲ್ಲ ತೆರೆದು, ನಲ್ಲಿ ಬಿಟ್ಟು, ಫ್ಲಶ್ ಎಳೆದು, ಫ್ಯಾನು ಹಾಕಿ, ನಡುಮನೆಯಲ್ಲಿ ಸುಮ್ಮನೆ ನಿಂತುಕೊಳ್ಳುತ್ತೇನೆ. ಗಾಳಿ ಯಾವ ಕಡೆಯಿಂದ ಒಳಗೆ ಬಂದು ಯಾವ ಕಡೆಯಿಂದ ಹೊರಗೆ ಹೋಗುತ್ತದೆ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಷ್ಟು ಕೇಳಿಸುತ್ತದೆ, ಲೋಕಲ್ ಹೋದಾಗ ಕಿಟಕಿಯ ಗಾಜು ಅದುರುತ್ತದೆಯೇ ಎಂದು ಮನೆ ತಾನಾಗಿ ಹೇಳುತ್ತದೆ.

ನಮ್ಮ ದಂಧೆಗೆ ಮುಂಬಯಿಯಲ್ಲಿ ದಲಾಲಿ ಎನ್ನುತ್ತಾರೆ, ಎಸ್ಟೇಟ್ ಏಜೆಂಟ್ ಎಂಬ ಬೋರ್ಡೂ ಇರುತ್ತದೆ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಬರುವಾಗಲೇ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ: ಇವತ್ತು ಬಾಡಿಗೆ ಮನೆ, ಎರಡು ವರ್ಷಕ್ಕೆ ಮಾರಾಟ, ಐದು ವರ್ಷಕ್ಕೆ ವರಳಿಯ ಟವರು. ಆಸೆ ತಪ್ಪಲ್ಲ. ಆದರೆ ಈ ಕೆಲಸದಲ್ಲಿ ಮನುಷ್ಯ ಬೆಳೆಯುವುದು ಟವರಿನ ಎತ್ತರದ ಕಡೆಗಲ್ಲ, ಒಂದು ಸ್ಟೇಷನ್ನಿನ ಸುತ್ತಲಿನ ಬೀದಿಗಳ ಆಳಕ್ಕೆ ಎಂಬುದು ನನ್ನ ಗಟ್ಟಿ ನಂಬಿಕೆ. ಡೊಂಬಿವಲಿಯಿಂದ ದಾದರಿನವರೆಗೆ ಎಲ್ಲೆಂದರಲ್ಲಿ ಮನೆ ತೋರಿಸುತ್ತ ಓಡಾಡುವವನಿಗೆ ಫೋನ್ ನಂಬರುಗಳು ಸಿಗುತ್ತವೆ. ಒಂದೇ ಸ್ಟೇಷನ್ನಿನ ಒಂದೇ ದಿಕ್ಕನ್ನು ಹಿಡಿದವಳಿಗೆ ಮನುಷ್ಯರು ಸಿಗುತ್ತಾರೆ.

ಹಾಗಾಗಿ ಹೊಸಬರ ಮೊದಲ ತಿಂಗಳು ಬರೀ ನಡಿಗೆ. ಗೋರೆಗಾಂವ್ ಪಶ್ಚಿಮ ಎಂದರೆ ಸ್ಟೇಷನ್ನಿನ ಎದುರಿನ ಎಸ್.ವಿ. ರೋಡು, ಜವಾಹರ ನಗರದ ಹಳೆಯ ಕಟ್ಟಡಗಳು, ಎಂ.ಜಿ. ರೋಡು, ಮೋತಿಲಾಲ್ ನಗರದ ನೆಲಮಟ್ಟದ ಬೈಠಿ ಮನೆಗಳು, ಅಲ್ಲಿಂದ ಲಿಂಕ್ ರೋಡು. ಜಾಹೀರಾತಿನಲ್ಲಿ ‘ಸ್ಟೇಷನ್‌ಗೆ ಏಳು ನಿಮಿಷ’ ಎಂದು ಬರೆಯುವ ಮುಂಚೆ ಯಾರ ಕಾಲಿನ ಏಳು ನಿಮಿಷ ಎಂದು ಕೇಳಿಕೊಳ್ಳಬೇಕು. ಬೆಳಿಗ್ಗೆ ಎಂಟೂವರೆಗೆ ಶೇರ್ ರಿಕ್ಷಾದ ಸಾಲು ಎಲ್ಲಿಯವರೆಗೆ ನಿಲ್ಲುತ್ತದೆ, ಜುಲೈನಲ್ಲಿ ಯಾವ ತಿರುವಿನಲ್ಲಿ ಮೊಣಕಾಲು ನೀರು, ಬೀದಿದೀಪ ಇಲ್ಲದ ಗಲ್ಲಿ ಯಾವುದು ಎಂದು ಗೊತ್ತಿರಬೇಕು. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಯೊಬ್ಬಳು ಮನೆ ಕೇಳಿದರೆ ಇದಿಷ್ಟನ್ನೇ ಮೊದಲು ಹೇಳಬೇಕಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಅರ್ಧ ಶುರುವಾಗಿ 2023ರ ಜನವರಿಯಲ್ಲಿ ಪೂರ್ತಿಯಾದ ಮೆಟ್ರೋ ಹಾದಿ 2ಎ, ದಹಿಸರಿನಿಂದ ಅಂಧೇರಿಯವರೆಗೆ ಲಿಂಕ್ ರೋಡಿನ ಮೇಲೆಯೇ ಬಂದ ಮೇಲೆ ನಮ್ಮ ಕಡೆ ದೂರದ ಅರ್ಥವೇ ಬದಲಾಯಿತು. ಮೊದಲು ‘ಸ್ಟೇಷನ್ನಿಗೆ ದೂರ’ ಎಂದು ಮೂಗು ಮುರಿಸಿಕೊಳ್ಳುತ್ತಿದ್ದ ಮನೆಗಳೇ ಈಗ ಮೆಟ್ರೋಗೆ ಹತ್ತಿರದವು. ಇಂಥ ಬದಲಾವಣೆ ಪತ್ರಿಕೆಯಲ್ಲಿ ಓದಿದವರಿಗೆ ಸುದ್ದಿ, ನಡೆದು ನೋಡಿದವರಿಗೆ ಕಸುಬು.

ನಮ್ಮವರು ಮುಂಬಯಿಯಲ್ಲಿ ಮನೆ ಮಾಡಿಕೊಂಡ ಬಗೆಯನ್ನು ನೆನೆದರೆ ಈ ಕೆಲಸದ ಮೇಲೆ ನನಗೆ ಇನ್ನಷ್ಟು ಗೌರವ ಬರುತ್ತದೆ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಕೋಟೆ ಪ್ರದೇಶದ ಹೋಟೆಲಿನ ಮೇಜು ಒರೆಸಿ, ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ಮಲಗಿ, ರಾತ್ರಿ ಶಾಲೆಗಳಲ್ಲಿ ಓದಿ, ಒಂದು ದಿನ ಗಲ್ಲಾದಲ್ಲಿ ಕೂತವರು. ಊರಿಂದ ಹೆಂಡತಿಯನ್ನು ಕರೆತರುವ ದಿನ ಬಂದಾಗ ಅವರಿಗೆ ಬೇಕಾದದ್ದು ಒಂದು ಖೋಲಿ. ಯಾರೋ ಒಬ್ಬರು ಹುಡುಕಿಕೊಟ್ಟರು. ಸರ್ಕಾರ 1920ರ ದಶಕದಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳಿನಂಥ ಕಡೆ ನೂರರುವತ್ತು ಚದರಡಿಯಲ್ಲಿ ಇಡೀ ಸಂಸಾರಗಳು ಬಾಳಿದವು, ಮಕ್ಕಳು ಪದವೀಧರರಾದರು. ಮಾಟುಂಗದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಸುತ್ತ ಒಂದು ತಲೆಮಾರು ನೆಲೆಸಿತು. ಮುಂದಿನ ತಲೆಮಾರು ಲೋಕಲ್ ರೈಲಿನ ಹಳಿಯ ಗುಂಟ ಜೋಗೇಶ್ವರಿ, ಗೋರೆಗಾಂವ್, ಬೊರಿವಲಿ, ಮೀರಾ ರೋಡಿಗೆ, ಆಚೆ ಡೊಂಬಿವಲಿಗೆ ಸರಿಯಿತು. ಪ್ರತಿ ಸರಿಯುವಿಕೆಯ ಹಿಂದೆಯೂ ಒಬ್ಬ ಮಧ್ಯವರ್ತಿ ಇದ್ದ. ಅವನ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಇರುವುದಿಲ್ಲ.

ನಡಿಗೆಯಾದ ಮೇಲೆ ಕಾಗದ. ನನಗೆ ಅತ್ಯಂತ ಪ್ರಿಯವಾದ ಕಾಗದ ಹೌಸಿಂಗ್ ಸೊಸೈಟಿಯ ಷೇರು ಪತ್ರ. ಹಳೆಯ ಸೊಸೈಟಿಗಳಲ್ಲಿ ಅದರ ಮೇಲೆ ಐವತ್ತು ರೂಪಾಯಿಯ ಐದು ಷೇರು ಎಂದು ಅಚ್ಚಾಗಿರುತ್ತದೆ. ಕೋಟಿಗಟ್ಟಲೆ ಬೆಲೆಯ ಮನೆಯ ಹಕ್ಕು ಈ ಇನ್ನೂರೈವತ್ತು ರೂಪಾಯಿಯ ಹಾಳೆಗೆ ಗಂಟು ಬಿದ್ದಿದೆ. ಅದನ್ನು ತಿರುಗಿಸಿ ನೋಡಬೇಕು. ಹಿಂಬದಿಯಲ್ಲಿ ವರ್ಗಾವಣೆಗಳ ಸಾಲು: ಮೊದಲು ತಂದೆ, ಆಮೇಲೆ ತಾಯಿ, ಆಮೇಲೆ ಇಬ್ಬರು ಮಕ್ಕಳಲ್ಲಿ ಒಬ್ಬ. ಇನ್ನೊಬ್ಬ ಎಲ್ಲಿ? ಈ ಪ್ರಶ್ನೆ ಕೇಳಲು ಕಲಿತವನು ಅರ್ಧ ಕಸುಬು ಕಲಿತ ಹಾಗೆ. ಸೊಸೈಟಿಯ ಪುಸ್ತಕದಲ್ಲಿ ನಾಮಿನಿಯಾಗಿ ಹೆಸರಿದ್ದ ಮಾತ್ರಕ್ಕೆ ಮನೆ ಅವನ ಸ್ವಂತವಾಗುವುದಿಲ್ಲ, ವಾರಸುದಾರರ ಹಕ್ಕು ಉಳಿದೇ ಇರುತ್ತದೆ. ಎಷ್ಟೋ ಒಳ್ಳೆಯ ಮನೆತನಗಳ ಜಗಳ ಶುರುವಾಗುವುದು ಈ ಒಂದು ತಪ್ಪು ತಿಳಿವಳಿಕೆಯಿಂದ. ಟೋಕನ್ ಹಣ ಕೈ ಬದಲಾಗುವ ಮುಂಚೆಯೇ ಅಕ್ಕತಂಗಿಯರ ಹಕ್ಕು ಬಿಡುಗಡೆ ಪತ್ರ ಆಗಿದೆಯೇ ಎಂದು ಕೇಳುವ ಏಜೆಂಟ್ ಒಂದು ಕುಟುಂಬವನ್ನು ಕೋರ್ಟಿನ ಮೆಟ್ಟಿಲಿನಿಂದ ದೂರ ಇಡುತ್ತಾನೆ.

ಎರಡನೆಯದು ಇಂಡೆಕ್ಸ್ ಟು. ನೋಂದಣಿಯಾದ ಕರಾರಿನ ಸಾರ ಅದರಲ್ಲಿ ಒಂದೇ ಹಾಳೆಗೆ ಇಳಿದಿರುತ್ತದೆ: ಯಾರು ಕೊಟ್ಟರು, ಯಾರು ಕೊಂಡರು, ಎಷ್ಟಕ್ಕೆ, ಎಷ್ಟು ಜಾಗ, ಸ್ಟಾಂಪ್ ಡ್ಯೂಟಿ ಎಷ್ಟು. ನೋಂದಣಿ ಇಲಾಖೆಯ ಜಾಲತಾಣದಲ್ಲೇ ಹುಡುಕಬಹುದು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದೇ ಕಟ್ಟಡದ ಇಂಡೆಕ್ಸ್‌ಗಳನ್ನು ವರ್ಷಾನುಕ್ರಮದಲ್ಲಿ ಜೋಡಿಸಿ ಓದಿಸುತ್ತೇನೆ. ನನಗಂತೂ ಅದು ಕಾದಂಬರಿ ಓದಿದಷ್ಟೇ ರುಚಿ. 2020ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಸರ್ಕಾರ ಸ್ಟಾಂಪ್ ಡ್ಯೂಟಿಯನ್ನು 5 ಪ್ರತಿಶತದಿಂದ 2ಕ್ಕೆ ಇಳಿಸಿತ್ತು. ಆ ನಾಲ್ಕು ತಿಂಗಳಲ್ಲಿ ವ್ಯವಹಾರಗಳು ಹೇಗೆ ದಟ್ಟೈಸಿವೆ ಎಂದು ಬೆರಳಿಟ್ಟು ತೋರಿಸಿದಾಗ ಹುಡುಗರ ಕಣ್ಣುಗಳು ಅರಳುತ್ತವೆ. ಸರ್ಕಾರದ ಒಂದು ಆದೇಶ ತಮ್ಮದೇ ಬೀದಿಯ ಮೂರನೇ ಮಹಡಿಯವರೆಗೆ ನಡೆದು ಬಂದದ್ದನ್ನು ಅವರು ಅಲ್ಲಿ ಕಾಣುತ್ತಾರೆ.

ಈಗ ಪರೀಕ್ಷೆಯೂ ಇದೆ, ಅದು ಬಂದದ್ದು ನನಗೆ ತುಂಬ ಸಂತೋಷ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆ 2016ರದ್ದು, ಮಹಾರಾಷ್ಟ್ರದಲ್ಲಿ ಅದರ ಪ್ರಾಧಿಕಾರವಾದ ಮಹಾರೇರಾ ಕೆಲಸ ಆರಂಭಿಸಿದ್ದು 2017ರ ಮೇ ತಿಂಗಳಿನಿಂದ. ನೋಂದಾಯಿತ ಹೊಸ ಯೋಜನೆಗಳ ಮನೆ ಮಾರಿಸುವ ಏಜೆಂಟರಿಗೆ ತರಬೇತಿ ಮತ್ತು ಅರ್ಹತಾ ಪತ್ರ ಕಡ್ಡಾಯ ಎಂಬ ಆದೇಶ 2023ರ ಜನವರಿಯಲ್ಲಿ ಬಂತು. ಬಾಡಿಗೆಗೆ, ಹಳೆಯ ಮನೆಯ ಮರುಮಾರಾಟಕ್ಕೆ ಆ ಕಟ್ಟುಪಾಡು ಇಲ್ಲ. ಆದರೂ ನನ್ನ ಹತ್ತಿರ ಕಲಿಯುವವರೆಲ್ಲ ಆ ಪರೀಕ್ಷೆಗೆ ಕೂರಲೇಬೇಕು. ಹಗಲಿಡೀ ಮನೆ ತೋರಿಸಿ ರಾತ್ರಿ ಕರಾರಿನ ನಮೂನೆ ಓದುತ್ತ ಕೂತ ಅವರನ್ನು ಕಂಡಾಗ ನಮ್ಮ ಹಿರಿಯರ ರಾತ್ರಿ ಶಾಲೆ ಇನ್ನೂ ಮುಚ್ಚಿಲ್ಲ ಅನ್ನಿಸುತ್ತದೆ. ರೇರಾ ಪ್ರಕಾರ ಕಾರ್ಪೆಟ್ ಏರಿಯಾದ ಲೆಕ್ಕದಲ್ಲಿ ಒಳಗೋಡೆಗಳು ಸೇರುತ್ತವೆ, ಹೊರಗೋಡೆ ಸೇರುವುದಿಲ್ಲ, ಬಾಲ್ಕನಿ ಸೇರುವುದಿಲ್ಲ. ಹಿಂದೆ ಸೂಪರ್ ಬಿಲ್ಟಪ್ಪಿನ ಹೆಸರಲ್ಲಿ ಮೆಟ್ಟಿಲು, ಲಿಫ್ಟು, ಲಾಬಿಯನ್ನೆಲ್ಲ ಸೇರಿಸಿ ಮಾರಿದ ಕಾಲದಲ್ಲಿ, ಸಾವಿರ ಚದರಡಿ ಎಂದುಕೊಂಡು ಕೊಂಡವರು ಟೇಪು ಹಿಡಿದಾಗ ಏಳುನೂರರ ಆಸುಪಾಸಿಗೆ ಬಂದು ನಿಲ್ಲುತ್ತಿದ್ದರು. ಅದಕ್ಕೇ ನನ್ನ ಚೀಲದಲ್ಲಿ ಇವತ್ತಿಗೂ ಟೇಪು ಇರುತ್ತದೆ. ಅಡುಗೆಮನೆಯ ಓಟಾ, ಅಂದರೆ ಒಲೆಯ ಕಟ್ಟೆ, ಎಷ್ಟು ಎತ್ತರ, ಗ್ರೈಂಡರ್ ಇಡಲು ಜಾಗ ಉಂಟೇ, ಡ್ರೈ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ ಹಿಡಿಯುತ್ತದೆಯೇ ಎಂದು ಅಳೆದು ಹೇಳಿದಾಗ ಮನೆಯ ಹೆಂಗಸಿನ ಮುಖದಲ್ಲಿ ಮೂಡುವ ನಂಬಿಕೆಯನ್ನು ಯಾವ ಮಾದರಿ ಫ್ಲ್ಯಾಟೂ ಹುಟ್ಟಿಸಲಾರದು.

ಹೊಟ್ಟೆಪಾಡಿನ ಮಾತನ್ನೂ ಹೇಳಬೇಕು. ಬಾಡಿಗೆ ಮನೆಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ದಲಾಲಿ, ಮಾರಾಟಕ್ಕೆ ಶೇಕಡಾ ಒಂದೋ ಎರಡೋ. ಮಾರಾಟದ ದೊಡ್ಡ ಚೆಕ್ಕಿಗೆ ಆಸೆಪಟ್ಟು ಬಾಡಿಗೆಯನ್ನು ಕೀಳಾಗಿ ಕಾಣುವ ಹುಡುಗರು ಆರು ತಿಂಗಳಲ್ಲಿ ಕೆಲಸ ಬಿಡುತ್ತಾರೆ, ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಬಾಡಿಗೆಯ ಲೀವ್ ಎಂಡ್ ಲೈಸೆನ್ಸ್ ಕರಾರು ಹೆಚ್ಚಾಗಿ ಹನ್ನೊಂದು ತಿಂಗಳಿಗೆ. ಮಹಾರಾಷ್ಟ್ರದಲ್ಲಿ ಅದನ್ನೂ ನೋಂದಾಯಿಸಲೇಬೇಕು, 1999ರ ಬಾಡಿಗೆ ಕಾಯ್ದೆ ಆ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ಅಂದರೆ ವರ್ಷಕ್ಕೊಮ್ಮೆ ನೀವು ಅದೇ ಮನೆಗೆ ಹೋಗುತ್ತೀರಿ, ಚಹಾ ಕುಡಿಯುತ್ತೀರಿ, ಮಗು ಎಷ್ಟನೇ ಕ್ಲಾಸು ಎಂದು ಕೇಳುತ್ತೀರಿ. ಆ ಮಗುವಿಗೆ ಓದಲು ಒಂದು ಕೋಣೆ ಬೇಕಾದ ವರ್ಷ ಅವರು ಮನೆ ಕೊಳ್ಳಲು ಹೊರಡುತ್ತಾರೆ, ಆಗ ಫೋನ್ ಮಾಡುವುದು ಯಾರಿಗೆ?

ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬಿಸಿಯಾಗುತ್ತದೆ. ಮೀನು ತಿನ್ನುವವರಿಗೆ ಇಲ್ಲ, ಒಂಟಿ ಹುಡುಗಿಯರಿಗೆ ಇಲ್ಲ, ಇಂಥ ಜಾತಿಗೆ ಇಲ್ಲ, ಇಂಥ ಧರ್ಮಕ್ಕೆ ಇಲ್ಲ ಎನ್ನುವ ಮನೆಗಳು ಈ ಊರಲ್ಲಿ ಸಾಕಷ್ಟಿವೆ. ಕಡಲತಡಿಯಿಂದ ಬಂದ ನಮ್ಮ ಜನ ಬಂಗುಡೆ ಹುರಿಯುವ ವಾಸನೆಗಾಗಿ ಬಾಗಿಲಲ್ಲೇ ತಿರುಗಿ ಹೋದದ್ದನ್ನು ನಾನು ಕಂಡವಳು. ಏಜೆಂಟ್ ಮನಸ್ಸು ಮಾಡಿದರೆ ಇಲ್ಲಿ ಬಹಳ ಮಾಡಬಹುದು. ಮಾಲೀಕರನ್ನು ಮೊದಲೇ ಕೇಳಿ, ಅವರೊಡನೆ ವಾದಿಸಿ, ಒಪ್ಪದಿದ್ದರೆ ಆ ಮನೆಯನ್ನೇ ಬಿಡಬಹುದು. ಗಂಡ ಹೆಂಡತಿ ಮಗುವನ್ನು ನಾಲ್ಕು ಮಹಡಿ ಹತ್ತಿಸಿ, ಸೆಕ್ರೆಟರಿಯ ಎದುರು ಅಡ್ಡಹೆಸರು ಕೇಳಿಸಿ ಕಳಿಸುವುದು ಕಸುಬಲ್ಲ, ಕ್ರೌರ್ಯ. ನನ್ನ ಜತೆ ಇರುವವರು ಇಂಥ ಮನೆಯ ಕೀಲಿಕೈ ಇಟ್ಟುಕೊಳ್ಳಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಮನೆ ನೋಡಲು ಒಳ್ಳೆಯ ತಿಂಗಳು ಯಾವುದೆಂದು ಕೇಳಿದರೆ ಜುಲೈ ಎನ್ನುತ್ತೇನೆ. ಗಿರಾಕಿಗಳು ದೀಪಾವಳಿಗೆ ಬರುತ್ತಾರೆ, ಆಗ ಗೋಡೆಗೆಲ್ಲ ಹೊಸ ಬಣ್ಣ, ಎಲ್ಲ ಮನೆಯೂ ಚೆಂದ. ನೈಋತ್ಯದಿಂದ ಮಳೆ ಹೊಡೆಯುವ ಈ ಊರಲ್ಲಿ ಪಡುವಣ, ತೆಂಕಣ ಗೋಡೆಗಳ ನಿಜ ಗೊತ್ತಾಗುವುದು ಜುಲೈನಲ್ಲಿ. ಅದೇ ಪಡುವಣ ಕಿಟಕಿ ಬೇಸಿಗೆಯ ಸಂಜೆ ಕಡಲಗಾಳಿಯನ್ನೂ ತರುತ್ತದೆ, ಎರಡನ್ನೂ ತೂಗಿ ಹೇಳಬೇಕು. ಜೋರು ಮಳೆಯ ದಿನ ಹುಡುಗರನ್ನು ಕರೆದುಕೊಂಡು ಹೊರಡುತ್ತೇನೆ. ಅಂಗೈಯನ್ನು ಗೋಡೆಗೆ ಒತ್ತಿ ನೋಡಿ, ಕಿಟಕಿಯ ಕೆಳಮೂಲೆ ನೋಡಿ, ಬಚ್ಚಲ ಸೀಲಿಂಗ್ ನೋಡಿ, ಮೇಲಿನ ಮನೆಯವರ ನಲ್ಲಿ ಅಲ್ಲಿ ಮಾತಾಡುತ್ತದೆ ಎಂದು ತೋರಿಸುತ್ತೇನೆ.

ಹಿಂದಿನ ಮಳೆಗಾಲದಲ್ಲಿ ಕುಂದಾಪುರದ ಕಡೆಯ ಹುಡುಗಿಯೊಬ್ಬಳು, ಸೇರಿ ವರ್ಷವೂ ಆಗಿರಲಿಲ್ಲ, ಒಂದು ವನ್ ಬಿಎಚ್‌ಕೆಯ ಮಲಗುವ ಕೋಣೆಯಲ್ಲಿ ಹೀಗೆ ಕೈ ಇಟ್ಟು ನಿಂತಳು. ಮಾಲೀಕರಿಗೆ ಅವಸರ, ಗಿರಾಕಿಯೂ ತಯಾರು, ಒಂದು ತಿಂಗಳ ದಲಾಲಿ ಕೈಯಳತೆಯಲ್ಲಿತ್ತು. “ಅಕ್ಕಾ, ಈ ಗೋಡೆ ಹಸಿ ಉಂಟು. ಗಿರಾಕಿಯ ಮನೆಯಲ್ಲಿ ದಮ್ಮಿನ ಅಜ್ಜ ಇದ್ದಾರೆ. ನಾನು ಹೇಳದೆ ಇರುವುದಿಲ್ಲ” ಎಂದಳು. “ಹೇಳು ಮಾರಾಯ್ತಿ, ಹೇಳಲಿಕ್ಕೇ ನಿನ್ನನ್ನು ಕರೆದುಕೊಂಡು ಬಂದದ್ದು” ಎಂದೆ. ಗಿರಾಕಿ ಬೇರೆ ಮನೆ ಹಿಡಿದರು, ಅದನ್ನೂ ಅವಳೇ ಹುಡುಕಿಕೊಟ್ಟಳು. ಮೊದಮೊದಲು ಸಿಟ್ಟಾಗಿದ್ದ ಮಾಲೀಕರು ಮೇಲಿನ ಮನೆಯವರೊಡನೆ ಕೂತು ವಾಟರ್‌ಪ್ರೂಫಿಂಗ್ ಮಾಡಿಸಿ, ಗೋಡೆ ಒಣಗಿದ ಮೇಲೆ ಕೀಲಿಕೈ ತಂದು ಅವಳ ಕೈಗೇ ಕೊಟ್ಟರು. ಆ ಸೊಸೈಟಿಯಲ್ಲಿ ಈಗ ಯಾವ ಮನೆ ಖಾಲಿಯಾದರೂ ಸೆಕ್ರೆಟರಿಯ ಮೊದಲ ಫೋನು ಅವಳಿಗೇ ಬರುತ್ತದೆ.